ಕಣ್ಣು ಬರೆಯದ ಹಕ್ಕಿ

ಜೂನ್ ೧೪, ೧೯೩೮. ಮಂಗಳವಾರ

ಹಕ್ಕಿ ಇವತ್ತೂ ಬಂದಿತ್ತು. ಅದೇ ದಿಬ್ಬ, ಅದೇ ಹೊತ್ತು. ಬದುವಿನ ಜಾಲಿಯ ಹಿಂದೆ ಕೂತು ನೋಡಿದೆ. ಕತ್ತಿನ ಬಿಳಿ ಚೀಲ ಉಬ್ಬಿಸಿ ನೆಲಕ್ಕೆ ತಾಗಿಸಿತು. ಬಾಲವನ್ನು ಬೆನ್ನ ಮೇಲೆ ಮಡಿಸಿತು. ಆಮೇಲೆ ಆ ಸದ್ದು — ಖಾಲಿ ಕೊಡದೊಳಗೆ ಯಾರೋ ಹೂಂಗುಟ್ಟಿದ ಹಾಗೆ. ಕಣ್ಣು ಹಾಯುವವರೆಗೂ ಕಪ್ಪು ಎರೆನೆಲ. ಒಂದು ಹೆಣ್ಣೂ ಇಲ್ಲ. ಯಾರಿಗೆ ಇಷ್ಟೆಲ್ಲ?

ಊರವರು ಎರೆಬೂತ ಅನ್ನುತ್ತಾರೆ. ಬೂತವೇ ಸರಿ. ಕತ್ತೆತ್ತಿ ನಿಂತರೆ ನನ್ನ ಸೊಂಟದಷ್ಟು ಎತ್ತರ.

ಶಾಲೆಗೆ ತಡವಾಯಿತು. ಹಿಂದಿನ ಸಾಲಿನವರು ಎಂದಿನಂತೆ, "ಕೇಳಸವಲ್ದುರೀ..." ಅಂದರು. ಧಾರವಾಡದಲ್ಲಿ ಸಾಹಿತ್ಯ ಓದಿ ಬಿ.ಎ. ಪಾಸಾದವನ ದನಿ ಮೂರನೆಯ ಸಾಲು ದಾಟುವುದಿಲ್ಲ.

ಸಂಜೆ ಮನೆಯೊಡತಿ ಶಾಹಜಾದಬಿ ರೊಟ್ಟಿ ತಂದಿಟ್ಟಳು.

"ಮಾಸ್ತರ, ದಿನಾ ನಸಕಿನ್ಯಾಗ ಎದ್ದು ಯಾವಾಕಿನ್ನ ನೋಡಾಕ ಹೊಕ್ಕೀರಿ?"

"ಹಕ್ಕಿ ನೋಡಾಕ."

"ಯಾ ಅಲ್ಲಾ! ಎಲ್ಲಾ ಗಂಡಸ್ರೂ ಹಂಗ ಅಂತಾರ." ನಕ್ಕಳು. ಆಮೇಲೆ ಅವಳೇ, "ನನ್ನ ನಿಕಾ ಆದಾಗ ಹಿಂಡಗಟ್ಲೆ ಬರ್ತಿದ್ವು. ಹ್ವಾದ ವರ್ಷ ಜೋಡಿ ಇತ್ತು. ಈಗ ಅದೊಂದ. ನಿಮ್ಮಂಗ."

ರೊಟ್ಟಿ ಬಿಸಿ ಇತ್ತು. ಮುರಿದು ತಿಂದೆ.

ಜೂನ್ ೨೧

ಊರ ದೇಸಾಯರು ತಮ್ಮ ವಾಡೆಗೆ ಕರೆಸಿದ್ದರು. ಶಾಲೆ ಅವರದು, ನನ್ನ ಕೆಲಸ ಅವರ ಕೈಯಲ್ಲಿ.

"ಏನ್ ಮಾಸ್ತರ, ಎರಿಬೂತದ ಬೆನ್ನ ಹತ್ತೀರಂತಲ್ಲ?"

ತಪ್ಪಾಯಿತೇನೋ ಅಂದುಕೊಂಡೆ. ಅಲ್ಲ. ಕಿನ್ನಾಳದ ಚಿತ್ರಗಾರ ಕಾಳಪ್ಪನ ಕೈಯಲ್ಲಿ ಒಂದು ಕಟ್ಟಿಗೆಯ ಹಕ್ಕಿ ಮಾಡಿಸಬೇಕಂತೆ, ನಿಜವಾದ ಅಳತೆಯದು. ಬಣ್ಣ, ನಿಲುವು ಎಲ್ಲ ನಾನು ಹೇಳಿಕೊಡಬೇಕು.

"ಹೆಣ್ಣು ಮಾಡಸ್ರಿ."

"ಗಂಡು ಚೆಂದ ಇರತೈತ್ರಿ..."

"ಗಂಡು ಈ ವಾಡೇದಾಗ ಬೇಕಾದಷ್ಟ ಅದಾವು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಊರಿಗೆ ಬಂದು ವರ್ಷವಾಯಿತು. ನನಗೆ ಗೊತ್ತಿರುವುದನ್ನು ಯಾರಾದರೂ ಕೇಳಿದ್ದು ಇದೇ ಮೊದಲು.

ಜೂನ್ ೨೪, ಶುಕ್ರವಾರ

ನಿಜಾಮರ ಸೀಮೆಯಲ್ಲಿ ರಜೆ ಶುಕ್ರವಾರ. ಇನ್ನೂ ಒಗ್ಗಿಲ್ಲ. ದೇಸಾಯರ ಚಕ್ಕಡಿಯಲ್ಲಿ ಕಿನ್ನಾಳಕ್ಕೆ ಹೋದೆ.

ಕಾಳಪ್ಪ ಸಣ್ಣ ಮನುಷ್ಯ, ದೊಡ್ಡ ನಗು. "ಗರುಡನ್ನ ಮಾಡೇನಿ, ಗಿಳಿ ಮಾಡೇನಿ, ಬೂತ ಮಾಡಿಲ್ರಿ. ಹೆಂಗ ನಡೀತೈತಿ ತೋರಸ್ರಿ."

ನಡೆದು ತೋರಿಸಿದೆ! ಕತ್ತು ನೆಟ್ಟಗೆ, ಹೆಜ್ಜೆ ಎಣಿಸಿದಂತೆ. ಓಣಿಯ ಹುಡುಗರೆಲ್ಲ ಬಾಗಿಲಿಗೆ ಬಂದರು. ನಾಚಿಕೆಯಾಗಲಿಲ್ಲ, ಅದೇ ಆಶ್ಚರ್ಯ. ಹೋದ ಶ್ರಾವಣದಲ್ಲಿ ಕಂಡ ಹೆಣ್ಣನ್ನು ನೆನೆನೆನೆದು ಹೇಳಿದೆ. ಗಂಡಿಗಿಂತ ಗಿಡ್ಡ, ಬೂದು ಕತ್ತು, ನೆತ್ತಿಯ ಕಪ್ಪು ಅಷ್ಟು ಗಾಢ ಅಲ್ಲ.

ಗೊಂಬೆ ಕೆತ್ತುವ ಪೊಣಕಿ ಕಟ್ಟಿಗೆ ಎಷ್ಟು ಹಗುರ. ಕಾಳಪ್ಪ ಒಂದು ತುಂಡನ್ನು ಕೂಸಿನ ಹಾಗೆ ಎತ್ತಿಕೊಟ್ಟ.

ಇಡೀ ದಿನ ಮಾತಾಡಿದ್ದೇನೆ. ಗಂಟಲು ನೋವು. ಛಲೋ ನೋವು.

ಜುಲೈ ೮, ಶುಕ್ರವಾರ

ಕಿನ್ನಾಳ. ಹಕ್ಕಿ ಮುಗಿಯುತ್ತ ಬಂದಿದೆ. ಮೈಗೆ ಬಳಿದ ಹುಣಸೆ ಬೀಜದ ಅಂಟು ಒಣಗಿ, ಅದರ ಮೇಲೆ ಬಣ್ಣ. ಬೆನ್ನಿನ ಕಂದು ಎಷ್ಟು ಸಲ ಬದಲಿಸಿದೆವೋ. ಕಾಳಪ್ಪ ಬೇಸರಿಸಲಿಲ್ಲ. ಮುಖದಲ್ಲಿ ಕಣ್ಣಿನ ಜಾಗ ಮಾತ್ರ ಬಿಳಿ.

"ಕಣ್ಣು?"

"ಅದು ಕಡೀಕರಿ. ಛಲೋ ದಿನ ನೋಡಿ ಬರೀಬೇಕು. ಎದುರಿಗೆ ಕನ್ನಡಿ ಹಿಡೀತೀವಿ. ಅದರ ಮೊದಲನೇ ನೋಟ ಅದರ ಮ್ಯಾಲನ ಬೀಳಬೇಕು. ಮನಶ್ಯಾ ಎದುರಿಗಿದ್ದ ಅಂದ್ರ ಆ ನೋಟ ಅವನನ್ನ ಬಿಡೂದಿಲ್ಲ."

"ದೇವರ ಮೂರ್ತಿಗೆ ಸರಿ. ಗೊಂಬಿಗೂ?"

"ನಮ್ಮಪ್ಪ ಗೊಂಬಿಗೂ ಹಿಡೀತಿದ್ದ. ಕಣ್ಣು ಬಂತಂದ್ರ ಜೀವ ಬಂತು. ಅಲ್ಲೀತನಕ ಬರೇ ಕಟ್ಟಿಗಿ."

ಜುಲೈ ೯, ಸಂಜೆ

ಶಾಹಜಾದಬಿಗೆ ಎಲ್ಲ ಹೇಳಿದೆ, ಹೆಮ್ಮೆಯಿಂದ. ರೊಟ್ಟಿ ಬಡಿಯುವ ಕೈ ನಿಂತಿತು.

"ಹೆಣ್ಣ ಯಾಕಂತ ಕೇಳಲಿಲ್ಲೇನು?"

ಕೇಳಿರಲಿಲ್ಲ.

"ನಮ್ಮ ಮನೆಯವರು ಪಂಜರದಾಗ ಕೌಜುಗ ಸಾಕಿದ್ರು. ಅದು ಒದರತಿತ್ತು, ಅಡವ್ಯಾಗಿನದು ಬರ್ತಿತ್ತು, ಬಲ್ಯಾಗ ಬೀಳ್ತಿತ್ತು. ನಿಮ್ಮ ಬೂತ ಬಂದೂಕಿನ ಸನ್ಯಾಕ ಬರೂದಿಲ್ಲ, ದೂರದಿಂದನ ಹಾರತೈತಿ. ಅದನ್ನ ಕರ್ಯಾಕ ಈ ಹೆಣ್ಣ. ತಿಳೀತೇನ್ ಮಾಸ್ತರ? ಬಿ.ಎ. ಓದೀರಿ..."

ರೊಟ್ಟಿ ಅಲ್ಲೇ ಬಿಟ್ಟು ಎದ್ದೆ.

ಜುಲೈ ೧೧

ಧೈರ್ಯ ಮಾಡಿ ವಾಡೆಗೆ ಹೋದೆ. ದೇಸಾಯರು ಮುಚ್ಚಿಡಲಿಲ್ಲ. ಇಪ್ಪತ್ನಾಲ್ಕಕ್ಕೆ ಹೈದರಾಬಾದಿನಿಂದ ಅತಿಥಿಗಳು, ಬಂದೂಕು ಸಮೇತ.

"ಮಳೆಗಾಲದಾಗ ಶಿಕಾರಿ ಮಾಡಬಾರದಂತ ಹುಕುಂ ಐತ್ರಿ... ಚಾವಡಿ ಗ್ವಾಡಿಗೆ ಹಚ್ಯಾರ... ಮರಿ ಮಾಡೂ ಹೊತ್ತು..." ನನ್ನ ದನಿ ನನಗೇ ಕೇಳಿಸಲಿಲ್ಲ.

"ಹುಕುಂ ಗ್ವಾಡಿ ಮ್ಯಾಲ ಐತಿ ಮಾಸ್ತರ. ಹಕ್ಕಿ ನನ್ನ ಹೊಲದಾಗ ಐತಿ." ಎಲೆ ಅಡಿಕೆ ಮುಂದಿಟ್ಟರು. "ತಗೋರಿ. ಸಾಲೀ ಹೆಂಗ ನಡದೈತಿ?"

ಯಾರಿಗೆ ದೂರು ಕೊಡಲಿ? ಕೇಳಬೇಕಾದ ಸಾಹೇಬರೇ ಅತಿಥಿಗಳ ಪಂಕ್ತಿಯಲ್ಲಿ ಇರುತ್ತಾರಂತೆ.

ಜುಲೈ ೧೫, ಶುಕ್ರವಾರ

ಈ ಸಲ ಚಕ್ಕಡಿ ಕೇಳಲಿಲ್ಲ. ನಡೆದೇ ಹೋದೆ. ಕಾಳಪ್ಪನಿಗೆ ಹೇಳಿದೆ. ಹಕ್ಕಿಯನ್ನು ಹೇಗಾದರೂ ಕೆಡಿಸು ಅಂದೆ.

ಅವನು ಅದರ ಬೆನ್ನು ಸವರಿದ. "ಕೆಡಸಾಕ ಕೈ ಕೇಳೂದಿಲ್ರಿ. ಕೆಡಿಸಿದ್ರೂ ಮತ್ತೊಬ್ಬನ ಕಡೆ ಮಾಡಸ್ತಾರ." ಆಮೇಲೆ ಮುಖ ಅರಳಿತು. "ಕಣ್ಣ ಬರಿಯೂದ ಬ್ಯಾಡ. ಆಷಾಢ ಐತಿ, ಕಣ್ಣ ತೆರಿಯಾಕ ಬರೂದಿಲ್ಲ ಅಂತೀನಿ. ಶ್ರಾವಣಕ್ಕ ನೋಡೂಣಂತೀನಿ. ಕಣ್ಣಿಲ್ಲದ್ದಕ್ಕ ಯಾವ ಹಕ್ಕಿ ಬಂದೀತು? ಅದಕೇನ್ ಹುಚ್ಚೇನು!"

ಇಬ್ಬರೂ ನಕ್ಕೆವು. ಅವನ ಹೆಂಡತಿ ಕಳಕಮ್ಮ ಬೆಲ್ಲ ಕೊಟ್ಟಳು. ದಾರಿಯುದ್ದಕ್ಕೂ ಬೆಲ್ಲ ಚೀಪುತ್ತ ಬಂದೆ. ಪೂರ್ತಿ ನಂಬಿದ್ದೇನೆ. ನೋಟ ಇಲ್ಲದ ಕಡೆ ಯಾರು ತಾನೆ ಹೋಗುತ್ತಾರೆ?

ಜುಲೈ ೨೨

ಕಾಳಪ್ಪ ಹಕ್ಕಿಯನ್ನು ವಾಡೆಗೆ ತಂದ. ದೇಸಾಯರು ಸುತ್ತು ಹಾಕಿ ನೋಡಿದರು.

"ಕಣ್ಣೆಲ್ಲಿ ಅದಾವೋ?"

"ಆಷಾಢರೀ ಧಣಿ. ಶ್ರಾವಣದಾಗ ಬಂದು ತೆರೀತೀನಿ."

ದೇಸಾಯರು ನಕ್ಕುಬಿಟ್ಟರು. "ಹಕ್ಕಿಗೂ ಮುಹೂರ್ತ! ಇರ್ಲಿ ಬಿಡು. ಲಗ್ನದಾಗ ಯಾವ ಗಂಡು ಕಣ್ಣ ನೋಡ್ಯಾನ?"

ಜುಲೈ ೨೩

ಕಟ್ಟಿಗೆಯ ಹೆಣ್ಣನ್ನು ದಿಬ್ಬದ ಮೇಲೆ ಇಟ್ಟಿದ್ದಾರೆ. ಪಕ್ಕದಲ್ಲಿ ಮುಳ್ಳುಕಂಟಿ ಮುಚ್ಚಿದ ಕುಣಿ, ಬಂದೂಕಿನವರು ಅಡಗಿ ಕೂರಲು. ನಾಳೆಗೆ ತಯಾರಿ.

ಜಾಲಿಯ ಹಿಂದೆ ಕೂತೆ. ಬರುವುದಿಲ್ಲ, ಬರುವುದಿಲ್ಲ...

ಬಂತು. ಹಾರಿ ಅಲ್ಲ, ನಡೆದು. ದೂರದಲ್ಲಿ ನಿಂತಿತು. ಕತ್ತು ಓರೆ ಮಾಡಿತು. ಇನ್ನಷ್ಟು ಹತ್ತಿರ. ಚೀಲ ಉಬ್ಬಿಸಿತು. ಹೂಂ... ಹೂಂ... ಕಟ್ಟಿಗೆಯ ಸುತ್ತ ತಿರುಗಿತು. ಆ ಬಿಳಿ ಕಣ್ಣಗುಳಿಗಳ ಎದುರಿಗೇ ಬಂದು ನಿಂತಿತು. ಇಷ್ಟು ದಿನದಲ್ಲಿ ಅದರ ದನಿ ಅಷ್ಟು ಮೆತ್ತಗಾಗಿದ್ದು ಕೇಳಿಲ್ಲ. ಬಿಸಿಲೇರಿದರೂ ಹೋಗಲಿಲ್ಲ.

ಕಣ್ಣಿಲ್ಲದ್ದು ಅದಕ್ಕೆ ತಿಳಿಯಲಿಲ್ಲವೇ? ತಿಳಿದರೂ ಸಾಕೆನಿಸಿತೇ?

ಕಾಳಪ್ಪನಿಗೆ ಹೇಗೆ ಹೇಳಲಿ. ಬಣ್ಣ ನಾನೇ ಹೇಳಿಕೊಟ್ಟದ್ದು. ನಿಲುವು ನಾನೇ.

ಜುಲೈ ೨೪, ಮಧ್ಯಾಹ್ನ

ಅಕ್ಷರ ಸೊಟ್ಟ.

ಹೊತ್ತು ಹುಟ್ಟುವ ಮೊದಲೇ ಜಾಲಿಯ ಹಿಂದೆ ಇದ್ದೆ. ಕುಣಿಯಲ್ಲಿ ದೇಸಾಯರು, ಅತಿಥಿಗಳು. ಬೀಡಿಯ ವಾಸನೆ. ಹಕ್ಕಿ ಬಂತು. ನಿನ್ನೆಗಿಂತ ಬೇಗ, ನಿನ್ನೆಗಿಂತ ನೇರ. ಕಂಟಿಯ ನಡುವೆ ಬಂದೂಕಿನ ಮೂತಿ ಕಂಡಿತು.

ಎದ್ದೆ. ಓಡಿದೆ. ಕೂಗಬೇಕು — ಏನೆಂದು? ಬಾಯಿಗೆ ಬಂದದ್ದು ಶಾಲೆಯ ಮಾತು.

"ಎದ್ದು ನಿಲ್ಲು!"

ಅಷ್ಟು ದೊಡ್ಡ ದನಿ ನನ್ನೊಳಗೆ ಇತ್ತೇ. ಹಕ್ಕಿ ತಿರುಗಿ ನೋಡಿತು, ನನ್ನನ್ನು. ಅದರ ಕಣ್ಣು ಹಳದಿ. ನಾಲ್ಕು ಭಾರದ ಹೆಜ್ಜೆ ಓಡಿ ರೆಕ್ಕೆ ಬಿಚ್ಚಿತು. ಗುಂಡು ಹಾರಿತು. ತಾಗಲಿಲ್ಲ. ಪಡುವಣಕ್ಕೆ ಹೋಯಿತು. ಚುಕ್ಕೆಯಾಗುವವರೆಗೆ ನೋಡಿದೆ.

ನನಗೂ ಅದಕ್ಕೂ ನಡುವೆ ಕಟ್ಟಿಗೆಯ ಹೆಣ್ಣು. ಹಾಗೇ ನಿಂತಿತ್ತು.

ದೇಸಾಯರು ಬೈಯಲಿಲ್ಲ. ಅತಿಥಿಗಳ ಮುಂದೆ ನಕ್ಕರು. "ಮಾಸ್ತರಿಗೆ ಹೊಟ್ಟೆಕಿಚ್ಚು! ತಗೋರಿ, ಈ ಹೆಣ್ಣನ್ನ ನೀವ ಕಟ್ಕೋರಿ. ಕರಕೊಂಡು ನಿಮ್ಮೂರಿಗೆ ಹೋಗ್ರಿ. ಸಾಲೀಗೆ ಬೇರೇದವ್ರು ಬರ್ತಾರ."

ಹೊತ್ತುಕೊಂಡು ಊರೊಳಗೆ ಬಂದೆ. ಹಗುರ ಇತ್ತು.

ಆಗಸ್ಟ್ ೧

ದಿನಾ ಹೋಗಿ ಜಾಲಿಯ ಹಿಂದೆ ಕೂತು ಬಂದೆ. ದಿಬ್ಬ ಬರಿದು. ಕುರಿ ಕಾಯುವ ಗ್ಯಾನಪ್ಪ ಕುಷ್ಟಗಿ ಕಡೆ ಕಂಡೆ ಅಂದ. "ಒಂದ ಇತ್ತರಿ. ಮನಶ್ಯಾರ ನೆಳ್ಳು ಕಂಡ್ರ ಹಾರತೈತಿ." ಬದುಕಿದೆ. ಇನ್ನು ನನ್ನ ನೆರಳಿಗೂ ಹಾರುತ್ತದೆ. ಒಳ್ಳೆಯದು.

ನಾಳೆ ಕೊಪ್ಪಳ ಸ್ಟೇಷನ್‌ನಿಂದ ರೈಲು. ಟ್ರಂಕು ಕಟ್ಟಿಯಾಯಿತು. ಶಾಹಜಾದಬಿ ಕಟ್ಟಿಗೆಯ ಹಕ್ಕಿಗೆ ತನ್ನ ಹಳೆಯ ದುಪಟ್ಟಿ ಹೊದಿಸಿದ್ದಾಳೆ. "ಬಹೂಗ ಥಂಡಿ ಆದೀತು" ಅಂದಳು, ಮನೆಯ ಸೊಸೆಗೆ ಅನ್ನುವ ಹಾಗೆ. ನಗಲಿಲ್ಲ. ದಾರಿಗೆ ರೊಟ್ಟಿ ಮಾಡಲು ಒಳಗೆ ಹೋದಳು. ಬಹಳ ಹೊತ್ತಾದರೂ ಬಡಿಯುವ ಸದ್ದಿಲ್ಲ.

ಮಧ್ಯಾಹ್ನ ಕಿನ್ನಾಳದ ಚಕ್ಕಡಿಯವನು ಒಂದು ತೆಂಗಿನ ಚಿಪ್ಪು ಕೊಟ್ಟುಹೋದ. ಒಳಗೆ ಹಳದಿ, ಕಪ್ಪು ಬಣ್ಣ, ಒಂದು ಸಣ್ಣ ಕುಂಚ. ಕಾಳಪ್ಪ ಹೇಳಿಕಳಿಸಿದ್ದು ಇಷ್ಟೇ: "ಶ್ರಾವಣ ಬಂತು. ನೀವ ತೆರೀರಿ."

ದುಪಟ್ಟಿ ಸರಿಸಿ ಎದುರಿಗೆ ಕೂತಿದ್ದೇನೆ. ಕ್ಷೌರದ ಕನ್ನಡಿ ಟ್ರಂಕಿನಲ್ಲಿದೆ, ಮೇಲೆಯೇ ಇದೆ. ತೆಗೆಯಲಿಲ್ಲ. ಮೊದಲನೆಯ ನೋಟ ನನ್ನ ಮೇಲೆ ಬೀಳಲಿ.

ಎಡಗಣ್ಣು ಮುಗಿಯಿತು. ಇನ್ನೂ ಹಸಿ. ಬಲಗಣ್ಣು —