ಎಂಟಕ್ಷರದ ಗಾದಿಲಿಂಗಪ್ಪ

6 ಜೂನ್ 1988, ಸೋಮವಾರ

ಇವತ್ತು ರೋಗಿಗಳ ಮೂವತ್ತೊಂದು ಹಳೆಯ ಚೀಟಿ ಟೈಪು ಮಾಡಿದೆ. ಬೆರಳು ನೋವು. ಆಸ್ಪತ್ರೆಗೆ ಕಂಪ್ಯೂಟರ್ ಬಂದು ತಿಂಗಳಾಯಿತು, ಮುಟ್ಟುವವಳು ನಾನೊಬ್ಬಳೇ. ಒಬ್ಬ ರೋಗಿಗೆ ಒಂದು ಫೈಲ್, ರೋಗಿಯ ಹೆಸರೇ ಫೈಲಿನ ಹೆಸರು. ರೆಕಾರ್ಡ್ ರೂಮಿನ ಚಿದಾನಂದಪ್ಪನವರದು ಬೇರೆ ಕ್ರಮ — ಮೊದಲು ಊರು, ಆಮೇಲೆ ಮನೆತನ, ಕೊನೆಗೆ ಹೆಸರು. ಮದ್ರಾಸ್ ಸರ್ಕಾರದ ಕಾಲದ ಪದ್ಧತಿ ಇನ್ನೂ ಯಾಕೆ, ಎಂದೆ.

"ಅಮ್ಮಾರ, ಕುರುಗೋಡು ಬಸ್ ಸ್ಟ್ಯಾಂಡಿನಾಗ ನಿಂತು ಗಾದಿಲಿಂಗಾ ಅಂತ ಕೂಗ್ರಿ. ಅರ್ಧ ಬಸ್ಸು ಇಳೀತೈತಿ."

ನಕ್ಕೆ. ನನ್ನ ಕ್ರಮ ಬದಲಾಯಿಸಲಿಲ್ಲ.

23 ಜೂನ್

ಹಳೆಯ ಚೀಟಿಗಳೆಲ್ಲ ಬ್ರೂಸ್‌ಪೇಟೆಯ ರದ್ದಿ ಅಂಗಡಿಗೆ ಹೋದವು. ಬೇಡ ಅಂತ ಚಿದಾನಂದಪ್ಪನವರು ಒಮ್ಮೆ ಅಂದರು. ಎರಡನೆಯ ಸಲ ಅನ್ನಲಿಲ್ಲ. ಕಪಾಟು ಖಾಲಿ. ಸಂತೋಷವಾಗಬೇಕಿತ್ತು...

17 ಆಗಸ್ಟ್, ಬುಧವಾರ

ಬಾದನಹಟ್ಟಿಯ ಗಾದಿಲಿಂಗಪ್ಪನನ್ನು ಹೆಂಡತಿ ಹೊನ್ನೂರಮ್ಮ ಕರೆತಂದಿದ್ದಾಳೆ. ಕಾಲಿನ ಗಾಯದಲ್ಲಿ ಕೀವು ತುಂಬಿದೆ, ಜ್ವರ. ಹೋದ ವರ್ಷ ಇಲ್ಲೇ ಒಂದು ಇಂಜೆಕ್ಷನ್ನಿಗೆ ಉಸಿರು ಕಟ್ಟಿ ಬದುಕಿದವನು. ಯಾವ ಇಂಜೆಕ್ಷನ್? ಆಗಿನ ಡಾಕ್ಟರು ಈಗಿಲ್ಲ. ಚೀಟಿಯಲ್ಲಿ ಕೆಂಪು ಶಾಯಿಯಲ್ಲಿತ್ತು. ನಾನೇ ಟೈಪು ಮಾಡಿದ್ದೆ. ಏನೆಂದು ನೆನಪಿಲ್ಲ. ಫೈಲ್ ತೆರೆದರೆ — ಸಿರುಗುಪ್ಪದ ಗಾದಿಲಿಂಗಮ್ಮ, ಮೂರನೆಯ ಹೆರಿಗೆ.

ಇಂಗ್ಲಿಷಿನ ಎಂಟಕ್ಷರವಾದ ಮೇಲೆ ಯಂತ್ರ ಹೆಸರನ್ನು ಕತ್ತರಿಸುತ್ತದೆ. ಹೇಳುವುದೂ ಇಲ್ಲ. ಎಂಟರೊಳಗೆ ಅವನೂ ಅವಳೂ ಬರೀ GADILING, ಒಬ್ಬರೇ. ಅವಳನ್ನು ಬರೆದಾಗ ಅವನು ಅಳಿಸಿಹೋದ.

ಡಾಕ್ಟರಿಗೆ, ಕಂಪ್ಯೂಟರ್ ತೊಂದರೆ ಎಂದೆ. ಹೊನ್ನೂರಮ್ಮನಿಗೆ, ಹುಡುಕುತ್ತಿದ್ದೇವೆ ಎಂದೆ.

18 ಆಗಸ್ಟ್, ಬೆಳಿಗ್ಗೆ 11

ಬೆಂಗಳೂರಿನ ಎಂಜಿನಿಯರ್‌ಗೆ ಟ್ರಂಕ್ ಕಾಲ್. ಅಳಿದದ್ದು ಬರುವುದಿಲ್ಲವಂತೆ. ಎಂಟೇ ಯಾಕೆ, ಕೇಳಿದೆ.

"ಇದಕ್ಕಿಂತ ಹಿಂದಿನ ಮೆಷಿನ್‌ನಲ್ಲಿ ಎಂಟಿತ್ತು ಮೇಡಂ. ಆಗ ಜಾಗ ಕಮ್ಮಿ."

"ಈಗ ಇದೆಯಲ್ಲ?"

"ಇದೆ. ಆದ್ರೆ ಪ್ರೋಗ್ರಾಮ್‌ಗಳೆಲ್ಲ ಎಂಟನ್ನೇ ನಂಬಿ ಬರೆದವು. ಒಂಬತ್ತು ಮಾಡಿದ್ರೆ ಎಷ್ಟು ನಿಂತುಹೋಗ್ತವೋ. ಯಾರು ಕೈ ಹಾಕ್ತಾರೆ?"

ಹೊಸದೆಂದು ತಂದದ್ದು ತನ್ನ ಅಜ್ಜನ ಅಭ್ಯಾಸ ಹೊತ್ತುಕೊಂಡೇ ಬಂದಿದೆ. ಅದನ್ನು ನಾನು ಪ್ರಶ್ನಿಸಲಿಲ್ಲ. ಚಿದಾನಂದಪ್ಪನವರನ್ನು ಮಾತ್ರ ಪ್ರಶ್ನಿಸಿದೆ. ಯಾಕೆ? ಅದು ಇಂಗ್ಲಿಷಿನಲ್ಲಿತ್ತು, ಅದಕ್ಕೋ?

19 ಆಗಸ್ಟ್

ಚಿದಾನಂದಪ್ಪನವರ ಜೊತೆ ಬ್ರೂಸ್‌ಪೇಟೆ. ರದ್ದಿಯವನು ಕೈ ಕೊಡವಿದ. "ಎರಡು ತಿಂಗಳ ಮಾತು ಹೇಳ್ತೀರಲ್ಲಮ್ಮಾ. ಎಲ್ಲಾ ಕಿರಾಣಿ ಅಂಗಡಿಗೆ ಪೊಟ್ಲ ಕಟ್ಟಾಕ ಹೋದವು." ಆದರೂ ಇಬ್ಬರೂ ಒಂದು ಗಂಟೆ ಕಾಗದ ಕೆದಕಿದೆವು. ನಾನು ಹೇಳಿದ್ದೆನಲ್ಲ ಅಂತ ಅವರು ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ವಾರ್ಡಿನ ಮೆಟ್ಟಿಲ ಮೇಲೆ ಹೊನ್ನೂರಮ್ಮ. "ಸಿಕ್ತೇನ್ರಿ?" ಇನ್ನೂ ಇಲ್ಲ, ಎಂದೆ. ಇನ್ನೂ — ಆ ಪದ ಯಾಕೆ ಸೇರಿಸಿದೆ?

20 ಆಗಸ್ಟ್, ಮಧ್ಯಾಹ್ನ 2

ಜ್ವರ ನೂರಾನಾಲ್ಕು. ಮಾತ್ರೆಗೆ ಬಗ್ಗುತ್ತಿಲ್ಲ. ಇವತ್ತು ಸಂಜೆ ಯಾವುದಾದರೂ ಇಂಜೆಕ್ಷನ್ ಕೊಡಲೇಬೇಕು ಎಂದರು ಡಾಕ್ಟರು. ಅವರಿಗೆ ಎಲ್ಲ ಹೇಳಿದೆ.

ಆಮೇಲೆ ಮೆಟ್ಟಿಲಿಗೆ ಹೋಗಿ ಅವಳ ಪಕ್ಕ ಕೂತೆ. ಚೀಟಿ ಇಲ್ಲ, ಕಳೆದವಳು ನಾನೇ, ಎಂದೆ.

ಸೆರಗಿನ ತುದಿ ಸುತ್ತುತ್ತ ಹೇಳಿದಳು. "ಆವತ್ತು ಸೂಜಿ ಮಾಡಿದ ನರ್ಸ್ ಪಾರಮ್ಮ ಈಗ ಸಿರುಗುಪ್ಪ ದವಾಖಾನ್ಯಾಗ ಅದಾಳ್ರಿ. ಆಕಿಗೆ ಗೊತ್ತಿರತೈತಿ. ರಾತ್ರಿಯೆಲ್ಲಾ ನಮ್ಮನಿಯವರ ಎದಿ ಒತ್ತಿದಾಕಿ."

ಮೊದಲೇ ಯಾಕೆ ಹೇಳಲಿಲ್ಲ, ಎಂದುಬಿಟ್ಟೆ.

"ನೀವು ಹುಡುಕ್ತೀವಿ ಅಂದ್ರಲ್ರಿ."

ಸಿರುಗುಪ್ಪಕ್ಕೆ ಫೋನ್ ಹತ್ತುತ್ತಿಲ್ಲ. ಎರಡೂವರೆಗೆ ಬಸ್ಸಿದೆ. ಚಿದಾನಂದಪ್ಪನವರು ಗೇಟಿನಿಂದ ಕರೆಯುತ್ತಿದ್ದಾರೆ. ಹೊರಟೆ.