ಕೇಳಿದವರಿಗೆ ಒಂದು ವಾಯಿದೆ

ಫೆಬ್ರವರಿ 26, ಸೋಮವಾರ. ಸಂಜೆ

ಬೆಳಿಗ್ಗೆಯೆಲ್ಲ ನನ್ನ ಕೋರ್ಟಿನಲ್ಲಿ ಕಾಂಪೌಂಡ್ ಗೋಡೆಯ ಜಗಳ. ಅಣ್ಣ, ತಮ್ಮ ಇಬ್ಬರೂ ಕಟಕಟೆಯಲ್ಲಿ ಅತ್ತರು. ಗೋಡೆ ಬೇಕಾಗಿರುವುದು ಅವರ ವಕೀಲರಿಗೆ ಮಾತ್ರ ಅನ್ನಿಸಿತು. ತಲೆಯ ಮೇಲಿನ ಫ್ಯಾನ್ ಇನ್ನೂ ಕಿರುಗುಟ್ಟುತ್ತಿದೆ. ಹೇಳಿ ಹೇಳಿ ಸಾಕಾಯಿತು.

ಮಧ್ಯಾಹ್ನದ ಮೇಲೆ ಪ್ರೆಸ್‌ನವನ ಕೇಸು. ಸೇತುವೆ ಬಿದ್ದದ್ದಕ್ಕೆ ಹೊಣೆ ಯಾರು ಎಂದು ಮಂತ್ರಿಯನ್ನು ಕೇಳುವ ಪೋಸ್ಟರ್ ಅಚ್ಚು ಹಾಕಿದ. ಅಷ್ಟಕ್ಕೇ ಚಳಿಗಾಲದಿಂದ ಜೈಲಿನಲ್ಲಿದ್ದಾನೆ. ಆರೋಪಪಟ್ಟಿಯೇ ಇಲ್ಲ. ಬಿಡಿಸಿ ಎಂದು ಅರ್ಜಿ ಹಾಕಿದವಳು ಅವನ ಅಕ್ಕ. ಯಾವಾಗಲೂ ಕೊನೆಯ ಬೆಂಚು, ತೊಡೆಯ ಮೇಲೆ ಬಟ್ಟೆಚೀಲ. ಚೀಲದಲ್ಲಿ ಇಸ್ತ್ರಿ ಮಾಡಿದ ಅಂಗಿಯಂತೆ. ಬಿಟ್ಟ ದಿನ ತಮ್ಮ ಹಾಕಿಕೊಂಡು ಬರಲಿ ಎಂದು. ಹೆಸರು ಕೂಗುವ ಕಂಚಿನ ಕಂಠದ ಜವಾನ, ನಮ್ಮ ಕಂಚು, ಹೇಳಿದ. ಇಂಥದ್ದನ್ನೆಲ್ಲ ನನಗೆ ಹೇಳಬೇಡ ಎಂದು ಗದರಿದೆ. ಹೇಳಿಯಾಗಿತ್ತಲ್ಲ.

ಎರಡೂ ಕಡೆಯ ವಾದ ಮುಗಿಯಿತು. ಇನ್ನು ತೀರ್ಪು ಮಾತ್ರ. ಆಗ ಸರ್ಕಾರಿ ವಕೀಲ ಎದ್ದ. ಸದಾ ನಗುತ್ತಿರುವುದಕ್ಕೆ ನಾನಿಟ್ಟ ಹೆಸರು ನಗುಮುಖ! ನಾನು ವಕೀಲಳಾಗಿದ್ದಾಗ ನನ್ನ ಜೂನಿಯರ್. ಅರ್ಜಿ ಬರೆಯುವುದನ್ನು ಕಲಿಸಿದ್ದು ನಾನೇ.

"ಮೇಡಂ, ಇನ್ನೊಂದೇ ಒಂದು ದಾಖಲೆ ಇದೆ. ಮುಂದಿನ ವಾರ ಶುಕ್ರವಾರದವರೆಗೆ ಟೈಮ್ ಕೊಟ್ರೆ…"

ಕೊಟ್ಟೆ. ಕೇಳಿದವರಿಗೆ ಒಂದು ವಾಯಿದೆ: ಈ ಕುರ್ಚಿಗೆ ಬಂದಾಗಿನಿಂದ ನನ್ನ ಪದ್ಧತಿ. ಕೂಲಿಯವನಿಗೂ ಒಂದೇ, ಸರ್ಕಾರಕ್ಕೂ ಒಂದೇ. ಅಕ್ಕ ಚೀಲ ಎತ್ತಿಕೊಂಡು ಎದ್ದು ಹೋದಳು.

ಫೆಬ್ರವರಿ 28, ಬುಧವಾರ

ಟಿವಿಯಲ್ಲಿ ಮಂತ್ರಿಯ ಭಾಷಣ. ನನ್ನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

"ಜನ ವೋಟು ಹಾಕಿದ್ದು ನಮಗೆ. ಆ ಕರಿಕೋಟಿನಮ್ಮನಿಗೆ ಯಾರು ಹಾಕಿದ್ರು? ಅವರ ಮನೆಯವರೂ ಹಾಕಲ್ಲ!"

ಶಿಳ್ಳೆ, ಚಪ್ಪಾಳೆ.

"ನಾನು ಹಾಕ್ತಿದ್ದೆ ಕಣೋ!" ಅತ್ತೆ ಟಿವಿಗೇ ಬೈದರು. ಆಮೇಲೆ ನನ್ನ ಕಡೆ ತಿರುಗಿ, "ಸಾರಿಗೆ ಉಪ್ಪು ಹಾಕೋದು ಮರೀತೀಯಲ್ಲ, ಅದಕ್ಕೆ ಸ್ವಲ್ಪ ಯೋಚನೆ ಮಾಡ್ತಿದ್ದೆ ಅಷ್ಟೆ."

ನಕ್ಕೆ. ನಮ್ಮ ಯಜಮಾನರೂ ನಕ್ಕರು. ಊಟ ಮಾತ್ರ ಯಾರಿಗೂ ಸೇರಲಿಲ್ಲ.

ತೀರ್ಪು ಬರೆಯಲು ಕೂತಿದ್ದೇನೆ. ಆ ದಾಖಲೆ ಬಂದರೆ ನೋಡಿ ತಿದ್ದಿದರಾಯಿತು. ಇವತ್ತಿನವರೆಗೆ ಬಂದಿಲ್ಲ.

ಮಾರ್ಚ್ 4, ಸೋಮವಾರ. ಬೆಳಿಗ್ಗೆ

ನಾಲ್ಕು ದಿನ ಬರೆಯಲಾಗಲಿಲ್ಲ. ಗಾಜು ಗುಡಿಸುವುದೇ ಆಯಿತು.

ಇವರ ಕಣ್ಣಿನ ಕ್ಲಿನಿಕ್ಕಿಗೆ ಕಲ್ಲು ಹೊಡೆದರು. ಹಾಡಹಗಲು. ಒಳಗೆ ಒಬ್ಬ ಅಜ್ಜಿ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಮುಚ್ಚಿ ಕೂತಿದ್ದರಂತೆ. ಸದ್ದು ಕೇಳಿ, "ಡಾಕ್ಟ್ರೇ, ಕಣ್ಣು ಬಿಡಬಹುದಾ?" ಎಂದು ಕೇಳಿದರಂತೆ. "ಈಗ ಬೇಡಮ್ಮ" ಅಂದೆ ಎಂದು ಹೇಳುತ್ತ ಇವರು ನಗಲು ನೋಡಿದರು. ಆಗಲಿಲ್ಲ. ಅಂಗೈಗೆ ಹೊಲಿಗೆ ಬಿದ್ದಿದೆ. ಆಪರೇಷನ್ ಮಾಡುವ ಕೈ.

ನನ್ನಿಂದ. ಬೇರೆ ಯಾರಿಂದಲೂ ಅಲ್ಲ. ಅಂದಿನಿಂದ ಇದೊಂದೇ ತಲೆಯಲ್ಲಿ.

ನಮ್ಮ ಮನೆಯ ಗೇಟಿನಲ್ಲಿದ್ದ ಪೊಲೀಸನನ್ನು ವಾಪಸು ಕರೆಸಿಕೊಂಡಿದ್ದಾರೆ. ಸಿಬ್ಬಂದಿ ಕೊರತೆಯಂತೆ. ಮಂತ್ರಿಯ ಸಭೆಗೆ ಕೊರತೆ ಇರಲಿಲ್ಲ.

ಅದೇ ದಿನ, ಮಧ್ಯಾಹ್ನ

ಊಟದ ಬಿಡುವು. ಗೊತ್ತಿಲ್ಲದ ನಂಬರಿನಿಂದ ಒಂದು ಫೋಟೋ. ಮಗಳ ಹಾಸ್ಟೆಲ್ ಗೇಟು. ಬೇರೆ ಏನೂ ಇಲ್ಲ, ಒಂದು ಮಾತೂ ಇಲ್ಲ.

ತಕ್ಷಣ ಫೋನ್ ಮಾಡಿದೆ.

"ಗೊತ್ತಮ್ಮ. ನಂಗೂ ಬಂತು. ವಾರ್ಡನ್ ರೂಮಲ್ಲೇ ಇದೀನಿ. ಓದೋಕೆ ಇಲ್ಲೇ ಬೆಳಕು ಚೆನ್ನಾಗಿದೆ."

ಬೆಳಕಿನ ಮಾತು ಯಾಕೆ ಆಡಿದಳು ಎಂದು ನನಗೆ ಗೊತ್ತು. ನನಗೆ ಗೊತ್ತು ಎಂದು ಅವಳಿಗೂ ಗೊತ್ತು. ಇಬ್ಬರೂ ಪರೀಕ್ಷೆಯ ವಿಷಯ ಮಾತಾಡಿ ಫೋನ್ ಇಟ್ಟೆವು.

ಮಾರ್ಚ್ 7, ಗುರುವಾರ. ಸಂಜೆ

ಎತ್ತಂಗಡಿ. ಆದೇಶ ಬಂತು. ನಾಳೆ ಮಧ್ಯಾಹ್ನ ಹೊಸಬರಿಗೆ ಚಾರ್ಜ್ ಕೊಡಬೇಕು. ನನಗೆ ಸಿಕ್ಕಿರುವುದು ನ್ಯಾಯಾಧೀಶರ ತರಬೇತಿ ಸಂಸ್ಥೆ. ಲೈಬ್ರರಿ ಸಮಿತಿ. ನಗಬೇಕೋ ಅಳಬೇಕೋ.

ಈಗ ಅರ್ಥವಾಯಿತು ನಗುಮುಖ ಯಾಕೆ ಶುಕ್ರವಾರ ಕೇಳಿದ ಎಂದು. ದಾಖಲೆಯೂ ಇಲ್ಲ, ಮಣ್ಣೂ ಇಲ್ಲ. ಈ ಆದೇಶ ಬರುವುದಕ್ಕೆ ಸಮಯ ಬೇಕಿತ್ತು. ನಾನೇ ಕೈಯಾರೆ ಕೊಟ್ಟೆ. ನನ್ನ ಪದ್ಧತಿಯನ್ನೇ ಹಿಡಿದು ನನ್ನನ್ನು ಕಟ್ಟಿಹಾಕಿದರು. ಛೆ.

ತೀರ್ಪು ಬರೆದು ಮುಗಿದಿದೆ. ಅವನನ್ನು ಬಿಡಬೇಕು. ಹಿಡಿದಿಡಲು ಕಾನೂನಿನಲ್ಲಿ ಒಂದು ಎಳೆಯಷ್ಟೂ ಆಧಾರವಿಲ್ಲ. ಆದರೆ ಬರೆದರೆ ಸಾಲದು. ತುಂಬಿದ ಕೋರ್ಟಿನಲ್ಲಿ ಬಾಯಿಬಿಟ್ಟು ಓದಿ ಸಹಿ ಹಾಕಿದರೆ ಮಾತ್ರ ಅದು ತೀರ್ಪು. ಇಲ್ಲದಿದ್ದರೆ ಬರೀ ಕಾಗದ. ಹೊಸಬರು ಬಂದರೆ ವಾದ ಮೊದಲಿನಿಂದ. ಅವನು ಒಳಗೇ. ಎಷ್ಟು ಕಾಲವೋ.

ನಾಳೆ ಬೆಳಗಿನ ಕಲಾಪ ಒಂದಿದೆ. ಅದೊಂದೇ.

ದೊಡ್ಡವರ ಫೋನ್. ನಮ್ಮೆಲ್ಲರ ಮೇಲಿನ ನ್ಯಾಯಾಧೀಶರು, ಒಳ್ಳೆಯ ಮನುಷ್ಯರೇ. ದನಿ ತಗ್ಗಿಸಿ ಹೇಳಿದರು:

"ಹೊಟ್ಟೆನೋವು ಅಂತ ನಾಳೆ ರಜೆ ಹಾಕಮ್ಮ. ಎಲ್ಲರಿಗೂ ಒಳ್ಳೇದು."

"ಹೊಟ್ಟೆನೋವು ನಿಜವಾಗ್ಲೂ ಇದೆ ಸರ್. ಆದ್ರೂ ಬರ್ತೀನಿ."

"ನಿನ್ನಿಷ್ಟ" ಎಂದು ಫೋನ್ ಇಟ್ಟರು.

ಧೈರ್ಯವಾಗಿ ಹೇಳಿಬಿಟ್ಟೆ. ಹೇಳಿದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ರಜೆ ಹಾಕಿದರೆ ಯಾರೂ ಬೈಯುವುದಿಲ್ಲ. ಮಗಳು ಸುರಕ್ಷಿತ. ಇವರ ಕೈ ವಾಸಿಯಾಗುತ್ತದೆ. ಅಂಗಿಯ ಚೀಲ ಹಿಡಿದವಳೊಬ್ಬಳು ಇನ್ನಷ್ಟು ತಿಂಗಳು ಬಂದು ಹೋಗುತ್ತಾಳೆ, ಅಷ್ಟೇ ತಾನೆ? ಹೀಗೆಲ್ಲ ಯೋಚಿಸಿದೆ. ಯೋಚಿಸಲಿಲ್ಲ ಎಂದು ಇಲ್ಲಿಯೂ ಸುಳ್ಳು ಬರೆಯಲೇ?

ಇವರಿಗೆ ಹೇಳಿದೆ. "ನೀನು ಕೋರ್ಟಿಗೆ ಹೋಗು. ನಾನು ಬೆಳಿಗ್ಗೆ ಬೇಗ ಹೊರಟು ಹಾಸ್ಟೆಲಿಂದ ಮಗಳನ್ನ ಕರ್ಕೊಂಡು ಬರ್ತೀನಿ."

"ಒಂದೇ ಕೈಲಿ ಕಾರು ಓಡಿಸ್ತೀರಾ?"

"ಕಾಂಪೌಂಡರ್ ಓಡಿಸ್ತಾನೆ. ನಾನು ಪಕ್ಕದಲ್ಲಿ ಕೂತು ಬೈತೀನಿ."

ಮಾರ್ಚ್ 8, ಶುಕ್ರವಾರ. ಬೆಳಿಗ್ಗೆ

ಇವರು ಕತ್ತಲಿರುವಾಗಲೇ ಹೊರಟರು. ಅತ್ತೆ ನನ್ನ ಗೌನಿಗೆ ಇಸ್ತ್ರಿ ಹಾಕಿ ಬಾಗಿಲಿಗೆ ನೇತು ಹಾಕಿದ್ದಾರೆ. ಇಷ್ಟು ವರ್ಷದಲ್ಲಿ ಅದನ್ನು ಮುಟ್ಟಿದವರಲ್ಲ. ಡಬ್ಬಿಗೆ ಊಟವನ್ನೂ ತುಂಬಿದರು.

"ಮಧ್ಯಾಹ್ನಕ್ಕೇ ಮನೆಗೆ ಬಂದ್ಬಿಡ್ತೀನಲ್ಲ ಅತ್ತೆ."

"ಬಂದು ಇಲ್ಲೇ ತಿನ್ನು. ಡಬ್ಬಿ ಇಲ್ದೆ ಕೋರ್ಟಿಗೆ ಕಳಿಸಿ ನಂಗೆ ಅಭ್ಯಾಸ ಇಲ್ಲ."

ಹೊರಡಬೇಕು.

ಅದೇ ದಿನ. ಚೇಂಬರಿನಲ್ಲಿ

ಅಕ್ಷರಗಳು ಸೊಟ್ಟಗೆ ಬೀಳುತ್ತಿವೆ. ಬರೆಯದೆ ಕೂರಲೂ ಆಗುತ್ತಿಲ್ಲ.

ಕೋರ್ಟು ಕಿಕ್ಕಿರಿದಿದೆ. ಗೇಟಿನ ಹೊರಗೆ ಧಿಕ್ಕಾರದ ಕೂಗು. ಪ್ರೆಸ್‌ನವನ ಕೇಸನ್ನೇ ಮೊದಲು ಕರೆಸಿದೆ. ಕಂಚು ಹೆಸರು ಕೂಗಿದ. ಆ ಕಂಠಕ್ಕೆ ಹೊರಗಿನ ಗದ್ದಲವೂ ಒಂದು ಗಳಿಗೆ ನಿಂತಿತು. ನಗುಮುಖ ಎದ್ದ. ಕೈಯಲ್ಲಿ ಒಂದು ಹಾಳೆಯೂ ಇಲ್ಲ.

"ದಾಖಲೆ ದಾರಿಯಲ್ಲಿದೆ ಮೇಡಂ. ಊಟ ಆದ್ಮೇಲೆ ತಗೊಂಡ್ರೆ ಸಾಕು. ವಾರಗಟ್ಟಲೆ ಕೇಳ್ತಿಲ್ಲ. ಟೈಮ್ ಕೇಳಿದೋರಿಗೆ ತಾವು ಇಲ್ಲ ಅಂದಿದ್ದನ್ನ ನಾನಂತೂ ನೋಡಿಲ್ಲ."

ಊಟ ಆದ ಮೇಲೆ ನಾನಿರುವುದಿಲ್ಲ. ಅವನಿಗೆ ಗೊತ್ತು. ಬೆಂಚುಗಳಲ್ಲಿದ್ದ ವಕೀಲರಿಗೆಲ್ಲ ಗೊತ್ತು. ಒಬ್ಬರೂ ತಲೆ ಎತ್ತಲಿಲ್ಲ. ಮೈಯೆಲ್ಲ ಉರಿಯಿತು. ಆದರೆ ದನಿ ನನಗೇ ಆಶ್ಚರ್ಯವಾಗುವಷ್ಟು ಮೆತ್ತಗೆ ಬಂತು.

"ಒಂದು ವಾಯಿದೆ ಆಗಲೇ ತಗೊಂಡಿದ್ದೀರಿ. ಆದ್ರೂ ಕೇಳಿದ್ರಲ್ಲ, ಇಲ್ಲ ಅನ್ನಲ್ಲ. ಹತ್ತು ನಿಮಿಷ."

ಮೊದಲ ಸಲ ಅವನ ಮುಖದಲ್ಲಿ ನಗು ಇಲ್ಲದ್ದನ್ನು ನೋಡಿದೆ.

ಆ ಹತ್ತು ನಿಮಿಷದಲ್ಲೇ ಕೂತಿದ್ದೇನೆ. ಕೊಟ್ಟ ಮೇಲೆ ಕೊಡಲೇಬೇಕು. ದಾಖಲೆ ನಿಜವಾಗಿಯೂ ಬಂದರೆ ಓದುತ್ತೇನೆ.

ಇವರ ಮೆಸೇಜು: ಮಗಳು ಕಾರು ಹತ್ತಿದಳು. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾಳೆ.

ಕಣ್ಣು ಒರೆಸಿಕೊಂಡೆ. ಸಾಕು. ಇಷ್ಟೇ ಬೇಕಿತ್ತು.

ಕಿಟಕಿಯಿಂದ ಕಾಣುತ್ತಿದೆ, ಹೊಸಬರ ಕಾರು ಆಗಲೇ ಬಂದು ನಿಂತಿತು. ಅವಸರದಲ್ಲಿ ಮೆಟ್ಟಿಲು ಹತ್ತುತ್ತಿದ್ದಾರೆ. ಕಂಚು ಓಡಿ ಬಂದ.

"ಹೊಸ ಸಾಹೇಬ್ರು ಬಂದ್ರು ಮೇಡಂ. ಚಾರ್ಜ್ ಈಗ್ಲೇ ಕೊಡ್ಬೇಕಂತೆ."

"ಆದೇಶದಲ್ಲಿ ಮಧ್ಯಾಹ್ನ ಅಂತಿದೆ. ಕೂರಿಸು, ಕುಡಿಯೋಕೆ ನೀರು ಕೊಡು. ದಾಖಲೆ ಬಂತಾ?"

"ಇಲ್ಲ ಮೇಡಂ." ಹೋಗುವವನು ಬಾಗಿಲಲ್ಲಿ ನಿಂತ. "ಆಯಮ್ಮ ಚೀಲದಿಂದ ಅಂಗಿ ಹೊರಗೆ ತೆಗೆದಿದ್ದಾಳೆ."

ಈ ಸಲ ಗದರಲಿಲ್ಲ. ತೀರ್ಪು ಬರೆದಾಗಿದೆ. ಅದರಲ್ಲಿ ಅಂಗಿಯ ಮಾತು ಎಲ್ಲೂ ಇಲ್ಲ.

ಹೆದರಿಕೆ ಹೋಗಿಲ್ಲ. ಇರಲಿ. ಓದುವುದಕ್ಕೆ ದನಿ ಇದ್ದರೆ ಆಯಿತು. ಪೆನ್ನು ಇದನ್ನೇ ತೆಗೆದುಕೊಂಡು ಹೋಗುತ್ತೇನೆ, ಸಹಿಗೆ.

ಸಮಯ ಆಯಿತು, ಓದಲು ಹೊರಟೆ. ಕಂಚು ಕೂಗುತ್ತಿದ್ದಾನೆ. ಒಂದು ಸಲ. ಎರಡನೆಯ ಸ—