ಘಾಟಿಯ ಮೇಲಿನ ಹೊಳೆಗಲ್ಲು

ಆಗಸ್ಟ್ 14, ಗುರುವಾರ

ಆ ಕಲ್ಲನ್ನು ನಾನು ಮುಟ್ಟಬಾರದಿತ್ತು.

ಒರುರೊ ಪಟ್ಟಣದ ನಾವು ಹನ್ನೆರಡು ಮಂದಿ ಶಿಕ್ಷಕರು ಬಂಡೆಗಳನ್ನು ನೋಡಲು ಹೊರಟ ಪ್ರವಾಸ ಇಂದು ಘಾಟಿಯ ತುದಿ ಮುಟ್ಟಿತು. ತರಗತಿಯಲ್ಲಿ ತೋರಿಸಲು ಒಬ್ಬೊಬ್ಬರೂ ಒಂದು ಕಲ್ಲು ತರಬೇಕಿತ್ತು. ಉಳಿದವರು ಸುತ್ತಿಗೆ ಹಿಡಿದು ಬಂಡೆ ಒಡೆದರು. ಚಳಿಗೆ ಸೋಮಾರಿಯಾದ ನಾನು ದಾರಿಹೋಕರು ಒಂದೊಂದಾಗಿ ಇಟ್ಟುಹೋದ ಕಲ್ಲುಗುಪ್ಪೆಯಿಂದ ಒಂದನ್ನು ಎತ್ತಿಕೊಂಡೆ.

ಸಂಜೆ ತಂಗುಮನೆಯಲ್ಲಿ ನಮ್ಮ ಜೊತೆಗಿದ್ದ ಭೂವಿಜ್ಞಾನಿ ಚೋಕೆ ಅದನ್ನು ತಿರುಗಿಸಿ ನೋಡಿದರು. "ಮೇಡಂ, ಇದು ಅಲ್ಲಿಯ ಕಲ್ಲೇ ಅಲ್ಲ. ನೀರಲ್ಲಿ ಉರುಳಿ ನುಣುಪಾಗಿದೆ. ಕೆಳಗಿನ ಹೊಳೆಯಿಂದ ಯಾರೋ ಹೊತ್ಕೊಂಡು ಹೋಗಿ ಮೇಲಿಟ್ಟಿದ್ದಾರೆ."

ಸಾರು ಬಡಿಸುತ್ತಿದ್ದ ತಂಗುಮನೆಯ ಒಡತಿ ದೋನ್ಯಾ ಸತುರ್ನಿನಾ ಸೌಟು ಕೆಳಗಿಟ್ಟಳು. "ಅಯ್ಯೋ ಟೀಚರಮ್ಮ, ಹತ್ತಿ ಬಂದ ಸುಸ್ತನ್ನೆಲ್ಲ ಆ ಕಲ್ಲಿಗೆ ಕೊಟ್ಟು ಇಟ್ಟು ಹೋಗ್ತಾರೆ. ಓದಿದೋರು ನೀವು, ಯಾರ್ದನ್ನ ಹೊತ್ಕೊಂಡು ಬಂದ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನಜ್ಜಿಯೂ ಹಾಗೇ ಕಲ್ಲಿಡುತ್ತಿದ್ದಳು. ಗೊತ್ತಿದ್ದೂ ಎತ್ತಿಕೊಂಡು ಬಂದೆ.

ಕಲ್ಲು ಈಗ ಮೇಜಿನ ಮೇಲಿದೆ, ಅಂಗೈಯಷ್ಟೇ ಗಾತ್ರ. ಬಸ್ಸಿನಲ್ಲೇ ಹೋಗಿ ಬಂದ ನನ್ನ ಕಾಲುಗಳು ಬೆಟ್ಟ ಹತ್ತಿದವರ ಕಾಲುಗಳಂತೆ ನಡುಗುತ್ತಿವೆ. ಎದೆಯ ಮೇಲೆ ಅಡ್ಡಲಾಗಿ, ಜೋಳಿಗೆಬಟ್ಟೆ ಬಿಗಿದಂತೆ ಕೆಂಪು ಗುರುತು. ಬೆನ್ನು ಬೆಚ್ಚಗಿದೆ. ಆಗಿನಿಂದ ಕುಳಿತಲ್ಲೇ ತೂಗಾಡುತ್ತಿದ್ದೇನೆ, ಬೆನ್ನಿಗೆ ಕಟ್ಟಿಕೊಂಡ ಕೂಸನ್ನು ಮಲಗಿಸುವವರ ಹಾಗೆ. ನನಗೆ ಮಕ್ಕಳಿಲ್ಲ.

ಬೆಳಿಗ್ಗೆಯೇ ವಾಪಸ್ ಇಟ್ಟು ಬರಬೇಕು. ಈಗ ದೀಪ ಆರಿಸಲೂ ಏಳಲಾರೆ. ಎದ್ದರೆ ಬೆನ್ನ ಮೇಲಿನದಕ್ಕೆ ಎಚ್ಚರವಾಗಿ…